ಓದುಗರ ಪ್ರಶ್ನೆ: ಅವನೂ ಅಲ್ಲ, ಅವಳೂ ಅಲ್ಲ

ಪ್ರಶ್ನೆ: ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿ ಪ್ರೀತಿಸುವುದು ಇನ್ನೊಬ್ಬ ಹುಡುಗಿಯನ್ನು. ಅವರ ನಾಡಿನಲ್ಲಿ ಇದಕ್ಕೆ ವಿರೋಧ ಇರಲೇಬೇಕಾ? ಗಂಡೂ ಅಲ್ಲದ, ಹೆಣ್ಣೂ ಅಲ್ಲದ ಪಾತ್ರವನ್ನು ಏನಂತ ಕರೆಯಲಿ?

ಉತ್ತರ: ಖಂಡಿತ ಬೇಕಿಲ್ಲ. ನಾಡು ಕಟ್ಟಿದ್ದು ನೀವೇ ಅಲ್ವಾ? ಆದರೆ ಅಲ್ಲಿ ಮದುವೆ ಯಾಕೆ ಆಗುತ್ತಾರೆ, ಆಸ್ತಿ ಯಾರಿಗೆ ಹೋಗುತ್ತದೆ ಅನ್ನೋದನ್ನು ಮೊದಲು ಯೋಚಿಸಿ. ದೋಣಿ ತಾಯಿಯಿಂದ ಮಗಳಿಗೆ ಬರುವ ಒಂದು ದ್ವೀಪ ಇದೆ ಅಂದುಕೊಳ್ಳಿ, ಇಬ್ಬರು ಹೆಂಗಸರು ಜೊತೆಯಾದರೆ ಎರಡು ದೋಣಿ ಒಂದೇ ಮನೆಗೆ ಸೇರುತ್ತವೆ, ಅಕ್ಕಪಕ್ಕದವರ ಹೊಟ್ಟೆಕಿಚ್ಚು ಆ ದೋಣಿಗಳ ಮೇಲೆ, ಪ್ರೀತಿಯ ಮೇಲಲ್ಲ. ನನಗೆ ಇಂಥ ಜಗಳವೇ ಇಷ್ಟ.

ಇನ್ನು ಗಂಡೂ ಹೆಣ್ಣೂ ಅಲ್ಲದ ಪಾತ್ರದ ವಿಷಯ. ಕನ್ನಡದಲ್ಲಿ ನಿಜವಾದ ಕಷ್ಟ ಕ್ರಿಯಾಪದದ್ದು. 'ಬಂದನು' ಅಂದರೆ ಗಂಡು, 'ಬಂದಳು' ಅಂದರೆ ಹೆಣ್ಣು. 'ಅವರು ಬಂದರು' ಚೆನ್ನಾಗಿ ಹೊಂದುತ್ತದೆ, ಆದರೆ ಒಬ್ಬರೋ ಹಲವರೋ ಅಂತ ಗೊಂದಲ ಆಗಬಹುದು, ಹಾಗಾಗಿ ಹೆಸರನ್ನು ಸ್ವಲ್ಪ ಜಾಸ್ತಿ ಬಳಸಿ. ಆ ಪಾತ್ರದ ಬಾಯಲ್ಲೇ ಕಥೆ ಹೇಳಿಸಿದರೆ ಇನ್ನೂ ಸಲೀಸು. 'ನಾನು ಬಂದೆ' ಅನ್ನುವಲ್ಲಿ ಗಂಡು ಹೆಣ್ಣು ಎಂಬ ಗುರುತೇ ಇಲ್ಲ, ನೋಡಿ! 'ಅದು ಬಂತು' ಮಾತ್ರ ದಯವಿಟ್ಟು ಬೇಡ. ಓದುವವರಲ್ಲಿ ಅಂಥವರೂ ಇರುತ್ತಾರೆ, ಅವರಿಗೆ ನೋವಾಗುತ್ತದೆ.