ಮರಗೆಲಸ – ಓದುಗರ ಪ್ರಶ್ನೆಗಳಿಗೆ ಉತ್ತರ: ಟರ್ಕಿ ಕೋಳಿಯ ಕರೆಗೆ ಮರದ ಕಡ್ಡಿ

ಪ್ರಶ್ನೆ: ನನ್ನದೊಂದು ಸಣ್ಣ ಮರಗೆಲಸದ ಅಂಗಡಿ, ಮರ ಕಡೆಯುವ ಲೇತ್ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ನನ್ನ ಅಕ್ಕನ ಮಗ ಅಲ್ಲಿಯ ವಸಂತ ಕಾಲದ ಟರ್ಕಿ ಬೇಟೆಗೆ ಪರವಾನಗಿ ಪಡೆದು ಹೋಗುತ್ತಾನೆ. ಹಕ್ಕಿಯನ್ನು ಕರೆಯುವ ಬಟ್ಟಲಿನ ಮೇಲೆ ಉಜ್ಜುವ ‘ಸ್ಟ್ರೈಕರ್’ ಕಡ್ಡಿಗಳನ್ನು ನಮ್ಮ ಕಡೆಯ ಮರದಲ್ಲಿ ಮಾಡಿಕೊಡಬೇಕೆಂದು ಕೇಳಿದ್ದಾನೆ. ಯಾವ ಮರ ತೆಗೆದುಕೊಳ್ಳಲಿ, ಅಳತೆ ಎಷ್ಟಿರಲಿ?
– ಸಾಗರದ ಓದುಗರು

ಉತ್ತರ: ಮೊದಲು ಆ ಬಟ್ಟಲಿನ ರಚನೆಯನ್ನು ತಿಳಿದುಕೊಳ್ಳಿ. ಸುಮಾರು ಮೂರು ಇಂಚು ಅಗಲದ, ಆಳವಿಲ್ಲದ ಮರದ ಬಟ್ಟಲಿನ ಬಾಯಿಗೆ ಸ್ಲೇಟು ಕಲ್ಲು, ಗಾಜು ಅಥವಾ ಅಲ್ಯೂಮಿನಿಯಂ ಬಿಲ್ಲೆಯನ್ನು ಅಂಟಿಸಿರುತ್ತಾರೆ. ಅದರ ಕೆಳಗೆ ತುಸು ಅಂತರದಲ್ಲಿ ಇನ್ನೊಂದು ತೆಳು ಬಿಲ್ಲೆಯೂ ತಳದಲ್ಲಿ ಸದ್ದು ಹೊರಬರುವ ರಂಧ್ರಗಳೂ ಇರುತ್ತವೆ. ಕಡ್ಡಿಯನ್ನು ಪೆನ್ಸಿಲಿನಂತೆ ಹಿಡಿದು, ಸ್ವಲ್ಪ ಓರೆ ಮಾಡಿ, ತುದಿಯನ್ನು ಮೇಲೆತ್ತದೆ ಸಣ್ಣ ಅಂಡಾಕಾರದಲ್ಲಿ ಎಳೆದರೆ ಹೆಣ್ಣು ಟರ್ಕಿಯ ಕೂಗು ಹೊರಡುತ್ತದೆ. ತುದಿಯು ಕ್ಷಣಕ್ಷಣಕ್ಕೂ ಬಿಲ್ಲೆಯನ್ನು ಕಚ್ಚಿ ಹಿಡಿದು, ಜಾರಿ, ಮತ್ತೆ ಕಚ್ಚುವುದರಿಂದಲೇ ನಾದ ಹುಟ್ಟುತ್ತದೆ. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವ ಕೆಲಸವೂ ಇದೇ. ಆದ್ದರಿಂದ ಬಟ್ಟಲು ಎಷ್ಟೇ ಚೆನ್ನಾಗಿದ್ದರೂ ಕಡ್ಡಿಯ ಮರ ಮತ್ತು ತುದಿ ಸರಿಯಿಲ್ಲದಿದ್ದರೆ ಹಕ್ಕಿಯ ದನಿ ಬರುವುದಿಲ್ಲ. ಅನುಭವಿ ಬೇಟೆಗಾರರು ಒಂದೇ ಬಟ್ಟಲಿಗೆ ಮೂರು ನಾಲ್ಕು ಬಗೆಯ ಕಡ್ಡಿಗಳನ್ನು ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ.

ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹಿಕರಿ ಮರ. ಒಣಗಿದ ಹಿಕರಿ ಘನ ಮೀಟರಿಗೆ ಸುಮಾರು 800 ಕಿಲೋ ತೂಗುತ್ತದೆ. ನಿಮ್ಮಲ್ಲಿರುವ ಮರವನ್ನು ಇದರೊಂದಿಗೆ ಹೋಲಿಸುವುದು ಕಷ್ಟವಲ್ಲ. 2 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ದಪ್ಪ, 25 ಸೆಂಟಿಮೀಟರ್ ಉದ್ದದ ತುಂಡನ್ನು ಸರಿಯಾಗಿ ಕೊಯ್ದರೆ ಅದರ ಗಾತ್ರ ನೂರು ಘನ ಸೆಂಟಿಮೀಟರ್ ಆಗುತ್ತದೆ. ಅದು 80 ಗ್ರಾಂ ತೂಗಿದರೆ ಹಿಕರಿಗೆ ಸಮವೆಂದು ತಿಳಿಯಿರಿ. ಅದೇ ತುಂಡನ್ನು ಲೇತಿಗೆ ಕಟ್ಟಿ ಕಡ್ಡಿಯನ್ನೂ ಕಡೆಯಬಹುದು. ಮರ ಭಾರವಾಗಿ ಗಟ್ಟಿಯಾದಷ್ಟೂ ದನಿ ಎತ್ತರಿಸಿ ಚೂಪಾಗುತ್ತದೆ, ಹಗುರವಾದಷ್ಟೂ ತಗ್ಗಿ ಮೃದುವಾಗುತ್ತದೆ.

ನಮ್ಮ ಕಡೆಯ ಮರಗಳಲ್ಲಿ ನನ್ನ ಮೊದಲ ಆಯ್ಕೆ ಹುಣಸೆಯ ಚೇಗು. ಗಾಣಕ್ಕೂ ಕೊಡತಿಗೂ ನಮ್ಮ ಹಿರಿಯರು ಅದನ್ನು ಆರಿಸಿಕೊಂಡಿದ್ದು ಅದರ ಗಟ್ಟಿತನಕ್ಕಾಗಿಯೇ. ಗಾಳಿಮರವೂ ಸಾಕಷ್ಟು ಭಾರವಾದದ್ದು, ಆದರೆ ಒಣಗುವಾಗ ಸೀಳುವ ಸ್ವಭಾವದ್ದಾದ್ದರಿಂದ ಹೆಚ್ಚು ತುಂಡುಗಳನ್ನು ಕೊಯ್ದಿಟ್ಟು, ಬಿರುಕಿಲ್ಲದವನ್ನು ಮಾತ್ರ ಆರಿಸಿಕೊಳ್ಳಬೇಕು. ಮಲೆನಾಡಿನ ನೆಡುತೋಪುಗಳಲ್ಲಿ ಧಾರಾಳವಾಗಿ ಬೆಳೆದಿರುವ ಅಕೇಶಿಯಾ ಮಧ್ಯಮ ದನಿಗೆ ಹೊಂದುತ್ತದೆ. ಮೃದಂಗದ ಕಳಸಿಗೆ ಬಳಕೆಯಾಗುವ ಹಲಸು ಸ್ಲೇಟಿನ ಮೇಲೆ ಮೆಲ್ಲನೆಯ ಗುರುಗುಟ್ಟುವಿಕೆಗೆ ಒಳ್ಳೆಯದು. ಬೈನೆ ಮತ್ತು ಅಡಿಕೆಯ ದಬ್ಬೆಯನ್ನು ನಾನು ಸೂಚಿಸುವುದಿಲ್ಲ. ಅವುಗಳ ಗಟ್ಟಿ ನಾರುಗಳ ನಡುವೆ ಮೆತ್ತನೆಯ ತಿರುಳಿರುವುದರಿಂದ, ಉಜ್ಜುತ್ತ ಹೋದಂತೆ ತುದಿಯು ಕುಂಚದಂತೆ ಬಿಚ್ಚಿಕೊಳ್ಳುತ್ತದೆ.

ಮರದ ಎಳೆಗಳು ಕಡ್ಡಿಯ ಉದ್ದಕ್ಕೂ ನೇರವಾಗಿ ಓಡುವಂತೆ ತುಂಡನ್ನು ಆರಿಸಿ. ಒಟ್ಟು ಉದ್ದ 18ರಿಂದ 22 ಸೆಂಟಿಮೀಟರ್ ಇರಲಿ. ಕೈಗೆ ಸಿಗುವ ಮೇಲಿನ ತಲೆ 15 ಮಿಲಿಮೀಟರಿನಷ್ಟು ದಪ್ಪವಿದ್ದು, ಅಲ್ಲಿಂದ ಸಣ್ಣಗಾಗುತ್ತ ಬಂದು ತುದಿ 6ರಿಂದ 8 ಮಿಲಿಮೀಟರಿಗೆ ನಿಲ್ಲಲಿ. ತುದಿಯನ್ನು ಪೂರ್ತಿ ಚಪ್ಪಟೆ ಮಾಡದೆ ಅಂಚನ್ನು ಮೆಲ್ಲಗೆ ಉರುಟು ಮಾಡಿ. ಸಣ್ಣ ತುದಿಯಿಂದ ಏರುದನಿಯೂ ಅಗಲ ತುದಿಯಿಂದ ಒಡಕು ಬೆರೆತ ತಗ್ಗು ದನಿಯೂ ಬರುವುದರಿಂದ, ಒಂದೇ ಮರದಲ್ಲಿ ಎರಡು ಮೂರು ತುದಿಗಳನ್ನು ಮಾಡಿ ಕಳುಹಿಸಿದರೆ ನಿಮ್ಮ ಅಳಿಯನಿಗೆ ಆರಿಸಿಕೊಳ್ಳಲು ಅನುಕೂಲ. ತಲೆಯ ಭಾಗಕ್ಕೆ ಅರಗಿನ ಪಾಲಿಶ್ ಹಾಕಬಹುದು. ಆದರೆ ತುದಿಯಿಂದ ಮೇಲಕ್ಕೆ ಮೂರು ಸೆಂಟಿಮೀಟರಿನವರೆಗೆ ಪಾಲಿಶ್, ಎಣ್ಣೆ, ಮೇಣ ಯಾವುದೂ ಸೋಕಬಾರದು.

ಪ್ರಶ್ನೆ: ಹಳೆಯ ಮನೆ ಇಳಿಸಿದಾಗ ಬಂದ ಬೀಟೆಯ ತುಂಡುಗಳಿವೆ. ಅವುಗಳಿಂದ ಇಂಥ ಕಡ್ಡಿ ಮಾಡಿ ವಿದೇಶಕ್ಕೆ ಕಳುಹಿಸಬಹುದೇ?
– ತೀರ್ಥಹಳ್ಳಿಯ ಓದುಗರು

ಉತ್ತರ: ಬೀಟೆ ಇದಕ್ಕೆ ಅತ್ಯುತ್ತಮ ಮರವೆಂಬುದರಲ್ಲಿ ಅನುಮಾನವಿಲ್ಲ. ಆದರೂ ಕಳುಹಿಸುವ ಯೋಚನೆ ಬೇಡವೆಂದೇ ನನ್ನ ಸಲಹೆ. ಬೀಟೆಯ ಇಡೀ ಕುಲವು 2017ರಿಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ. ಇಲ್ಲಿಯ ಅರಣ್ಯ ನಿಯಮಗಳೂ ಆ ಮರದ ಮಟ್ಟಿಗೆ ಬಿಗಿಯಾಗಿವೆ. ಮನೆಯ ಹಳೆಯ ತೊಲೆಯೆಂದು ನೀವು ಬಲ್ಲಿರಿ, ಕಸ್ಟಮ್ಸ್ ಕಚೇರಿಗೆ ಅದಕ್ಕೆ ಕಾಗದ ಬೇಕು. ಶ್ರೀಗಂಧದ ವಿಷಯವೂ ಹೀಗೆಯೇ. ಮನೆಯ ಬಳಕೆಗೆ ಏನನ್ನಾದರೂ ಮಾಡುವುದಿದ್ದರೂ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಈ ಸಾಧನದಿಂದ ನಮ್ಮ ಕಾಡುಕೋಳಿಯನ್ನೋ ನವಿಲನ್ನೋ ಹತ್ತಿರ ಕರೆಯಲು ಸಾಧ್ಯವೇ?
– ಕೊಪ್ಪದ ಓದುಗರು

ಉತ್ತರ: ದಯವಿಟ್ಟು ಆ ಪ್ರಯತ್ನಕ್ಕೆ ಕೈಹಾಕಬೇಡಿ. ಕಾಡು ಟರ್ಕಿ ಉತ್ತರ ಅಮೆರಿಕದ ಹಕ್ಕಿ. ಅದರ ಹೆಣ್ಣಿನ ಕೂಗಿಗೆಂದೇ ಈ ಸಾಧನ ರೂಪುಗೊಂಡಿದೆ. ಅಲ್ಲಿ ಸಹಜವಾಗಿ ಹೆಣ್ಣೇ ಗಂಡಿನ ಕೇಕೆಯನ್ನು ಅರಸಿ ಹೋಗುತ್ತದೆ. ಬೇಟೆಗಾರನು ಆ ಕ್ರಮವನ್ನು ತಿರುಗಿಸಿ ಗಂಡನ್ನು ತನ್ನತ್ತ ಬರಮಾಡಿಕೊಳ್ಳಬೇಕಾದ್ದರಿಂದ ದನಿಯ ನಿಖರತೆಗೆ ಅಷ್ಟು ಮಹತ್ವ ಬಂದಿದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ನಿಷೇಧಿಸಿದೆ. ಬಲೆಯೊಡ್ಡುವುದು, ಆಮಿಷ ತೋರಿಸುವುದು, ಅದಕ್ಕೆ ಯತ್ನಿಸುವುದು ಇವೆಲ್ಲವೂ ಆ ಕಾಯ್ದೆಯ ಪ್ರಕಾರ ಬೇಟೆಯೇ. ಮರಿ ಮಾಡುವ ಕಾಲದಲ್ಲಿ ಬರಿಯ ಕುತೂಹಲಕ್ಕೆಂದು ಹಕ್ಕಿಗಳನ್ನು ಕೆಣಕುವುದೂ ಅವುಗಳಿಗೆ ತೊಂದರೆಯೇ.

ಪ್ರಶ್ನೆ: ಹವ್ಯಾಸಕ್ಕೆಂದು ಬಟ್ಟಲು, ಕಡ್ಡಿ ಎರಡನ್ನೂ ಮಾಡಿದ್ದೇನೆ. ಬೇಸಿಗೆಯಲ್ಲಿ ಚೆನ್ನಾಗಿ ನುಡಿಯುತ್ತಿದ್ದ ಕಡ್ಡಿ ಮಳೆಗಾಲ ಹಿಡಿದ ಮೇಲೆ ಸುಮ್ಮನೆ ಜಾರುತ್ತಿದೆ. ಏನು ಮಾಡಲಿ?
– ಹೊಸನಗರದ ಓದುಗರು

ಉತ್ತರ: ನಮ್ಮ ಮಳೆಗಾಲದ ಗಾಳಿಯಲ್ಲಿ ಮರದ ತುದಿಯು ತೇವವನ್ನು ಹೀರಿ ಮೆತ್ತಗಾಗಿ, ಬಿಲ್ಲೆಯನ್ನು ಕಚ್ಚುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕಡ್ಡಿಯನ್ನು ಅಡುಗೆಮನೆಯ ಅಟ್ಟದಂತಹ ಬೆಚ್ಚಗಿನ ಜಾಗದಲ್ಲಿ, ಹೊಗೆಯ ಜಿಡ್ಡು ತಾಗದಂತೆ ಬಟ್ಟೆಯಲ್ಲಿ ಸುತ್ತಿಟ್ಟು, ವಾರಕ್ಕೊಮ್ಮೆ ತೂಗಿ ನೋಡಿ. ತೂಕ ಇಳಿಯುವುದು ನಿಂತರೆ ಆ ಜಾಗಕ್ಕೆ ತಕ್ಕಷ್ಟು ಒಣಗಿದೆ ಎಂದರ್ಥ. ಅನಂತರ ತುದಿಯನ್ನು 150 ನಂಬರಿನ ಮರಳು ಕಾಗದದಲ್ಲಿ ಹಗುರವಾಗಿ ಉಜ್ಜಿ, ಮಿರುಗು ಹಿಡಿದ ಪದರವನ್ನು ತೆಗೆಯಿರಿ.

ಬಟ್ಟಲಿನ ಮೈಯನ್ನೂ ಪರೀಕ್ಷಿಸಿ. ಸ್ಲೇಟಾದರೆ ಪಾತ್ರೆ ತಿಕ್ಕುವ ಹಸಿರು ನಾರಿನಿಂದ, ಗಾಜಾದರೆ 80 ನಂಬರಿನ ಒರಟು ಕಾಗದದಿಂದ, ಒಂದೇ ದಿಕ್ಕಿನಲ್ಲಿ ಉಜ್ಜಿ, ಏಳುವ ಪುಡಿಯನ್ನು ಬಾಯಿಂದ ಊದದೆ ಒಣಬಟ್ಟೆಯಲ್ಲಿ ಒರೆಸಿ. ಕಡ್ಡಿಯನ್ನು ಆ ಗೆರೆಗಳಿಗೆ ಅಡ್ಡವಾಗಿ ಎಳೆಯಬೇಕು. ಬೆರಳಿನ ಜಿಡ್ಡು ಬಿಲ್ಲೆಗೂ ತುದಿಗೂ ತಾಗದಿರಲಿ. ಕೊಬ್ಬರಿ ಎಣ್ಣೆ ಹಚ್ಚಿದ ತಲೆಯನ್ನು ಮುಟ್ಟಿದ ಕೈಯಲ್ಲಿ ಒಮ್ಮೆ ಹಿಡಿದರೂ ದನಿ ಕೆಡುತ್ತದೆ. ಇಷ್ಟಾದರೂ ಆಷಾಢದ ಜಡಿಮಳೆಯಲ್ಲಿ ಮರ ಪೂರ್ತಿ ಒಲಿಯದಿದ್ದರೆ ಆ ತಿಂಗಳುಗಳ ಮಟ್ಟಿಗೆ ಅಕ್ರಿಲಿಕ್ ಸರಳಿನ ಕಡ್ಡಿಯನ್ನು ಬಳಸಿ; ಅಮೆರಿಕದ ಬೇಟೆಗಾರರೂ ಮಳೆಯ ದಿನಗಳಿಗೆಂದು ಅಂಥದ್ದನ್ನೇ ಜೊತೆಗಿಟ್ಟುಕೊಳ್ಳುತ್ತಾರೆ. ಅದರ ತುದಿಯನ್ನೂ ಮರಳು ಕಾಗದದಲ್ಲಿ ಒರಟು ಮಾಡಿಕೊಳ್ಳಬೇಕು.