ಟೀ ಶರ್ಟ್ ಮೇಲೆ ಕನ್ನಡ ಅಕ್ಷರಗಳ ಸ್ಟೆನ್ಸಿಲ್ ಇಟ್ಟು ಮನೆಯಲ್ಲೇ ಬಣ್ಣ ಹಾಕುವುದು ಹೇಗೆ?

ರಾಜ್ಯೋತ್ಸವಕ್ಕಾಗಿ ಹತ್ತು-ಹನ್ನೆರಡು ಕಪ್ಪು ಟೀ ಶರ್ಟ್‌ಗಳ ಮೇಲೆ ‘ನಮ್ಮ ಬೆಂಗಳೂರು’ ಎಂದು ಹಳದಿ ಫ್ಯಾಬ್ರಿಕ್ ಬಣ್ಣದಲ್ಲಿ ಬರೆಯಬೇಕೆಂದಿದ್ದೀರಿ. ಸ್ಟೆನ್ಸಿಲ್ ಕತ್ತರಿಸುವಾಗ ಅಕ್ಷರಗಳ ಒಳಭಾಗ ಉದುರಿಹೋಗುತ್ತಿದೆ, ಬಣ್ಣ ಅಂಚು ದಾಟಿ ಹರಡುತ್ತಿದೆ, ಒಗೆದ ಮೇಲೆ ಬಣ್ಣ ನಿಲ್ಲುತ್ತದೆಯೇ ಎಂಬ ಅನುಮಾನವೂ ಇದೆ ಎಂದು ಬರೆದಿದ್ದೀರಿ. ಮನೆಯ ಮಕ್ಕಳಿಗೂ ಬಡಾವಣೆಯ ಕಾರ್ಯಕ್ರಮಗಳಿಗೂ ಇಂತಹ ಅಂಗಿಗಳನ್ನು ಹಲವು ವರ್ಷಗಳಿಂದ ಮಾಡುತ್ತ ಬಂದಿರುವ ಅನುಭವದಿಂದ ಹೇಳುವುದಾದರೆ, ಈ ಕೆಲಸದ ಮುಕ್ಕಾಲು ಭಾಗ ಬಣ್ಣದ ಬಾಟಲಿ ತೆರೆಯುವ ಮೊದಲೇ, ಹಾಳೆ ಕತ್ತರಿಸುವಾಗಲೇ ಮುಗಿದಿರುತ್ತದೆ.

ಕನ್ನಡ ಲಿಪಿ ದುಂಡಗಿನದು. ಸುತ್ತಿಕೊಂಡು ಬಂದು ತನ್ನನ್ನೇ ಸೇರುವ ಗೆರೆಗಳು ಅದರಲ್ಲಿ ಹೆಚ್ಚು. ನಿಮ್ಮ ಎರಡು ಪದಗಳಲ್ಲೇ ನೋಡಿ: ‘ರು’ ಅಕ್ಷರದ ಹೊಟ್ಟೆ ಪೂರ್ತಿ ಮುಚ್ಚಿದ ವೃತ್ತ, ‘ಬೆಂ’ ಎಂಬಲ್ಲಿನ ಅನುಸ್ವಾರ ಒಂದು ಸೊನ್ನೆ. ಗೆರೆಯ ಎರಡೂ ಬದಿ ಕತ್ತರಿಸಿದರೆ ನಡುವಿನ ಬಿಲ್ಲೆಗೆ ಯಾವ ಆಧಾರವೂ ಉಳಿಯದೆ ಅದು ಕೈಗೆ ಬರುತ್ತದೆ. ಆದ್ದರಿಂದ ಮುದ್ರಿಸಿಕೊಂಡ ಅಕ್ಷರಗಳ ಮೇಲೆ ಮುಚ್ಚಿದ ಸುತ್ತುಗಳನ್ನೆಲ್ಲ ಮೊದಲು ಪೆನ್ಸಿಲ್‌ನಿಂದ ಗುರುತಿಸಿ, ಪ್ರತಿಯೊಂದರ ಒಳಭಾಗವನ್ನು ಹೊರಗಿನ ಹಾಳೆಗೆ ಜೋಡಿಸುವ ಎರಡು ಕೊಂಡಿಗಳನ್ನು, ಮೇಲೊಂದು ಕೆಳಗೊಂದರಂತೆ, ಕತ್ತರಿಸದೆ ಬಿಡಬೇಕು. ಒಂದೇ ಕೊಂಡಿ ಬಿಟ್ಟರೆ ಬಿಲ್ಲೆ ಉದುರದಿದ್ದರೂ ಸ್ಪಂಜಿನ ಒತ್ತಡಕ್ಕೆ ಬಾಗಿಲಿನಂತೆ ಅತ್ತಿತ್ತ ತಿರುಗುತ್ತದೆ. ಕೊಂಡಿಯ ಅಗಲ ಎರಡರಿಂದ ಮೂರು ಮಿಲಿಮೀಟರ್ ಇದ್ದರೆ ಸಾಕು. ಎಲ್ಲ ಅಕ್ಷರಗಳಲ್ಲೂ ಕೊಂಡಿಗಳು ಒಂದೇ ದಿಕ್ಕಿನಲ್ಲಿದ್ದರೆ ನೋಡುವವರಿಗೆ ಅದು ಅಕ್ಷರದ ವಿನ್ಯಾಸವೆಂದೇ ತೋರುತ್ತದೆ; ಅಕ್ಕಿ ಮೂಟೆಗಳ ಮೇಲೆ ತಗಡಿನ ಸ್ಟೆನ್ಸಿಲ್‌ನಿಂದ ಬರೆದ ಹೆಸರುಗಳಲ್ಲಿ ಕಾಣುವ ಸಣ್ಣ ಸಣ್ಣ ಬಿರುಕುಗಳು ಇಂತಹ ಕೊಂಡಿಗಳ ಗುರುತುಗಳೇ ಆಗಿವೆ. ಬಿರುಕು ಬೇಡವೆನಿಸಿದರೆ ಬಣ್ಣ ಒಣಗಿದ ಮೇಲೆ ಸಣ್ಣ ಕುಂಚದಿಂದ ತುಂಬಬಹುದು, ಆದರೆ ನನಗೆ ಬಿಟ್ಟರೇ ಚೆಂದ.

‘ಮ್ಮ’ದಂತಹ ಒತ್ತಕ್ಷರಗಳಲ್ಲಿ ತೊಂದರೆ ಬೇರೆ ಬಗೆಯದು. ಮೇಲಿನ ಅಕ್ಷರಕ್ಕೂ ಒತ್ತಿಗೂ ನಡುವೆ ಉಳಿಯುವ ಹಾಳೆಯ ಪಟ್ಟಿ ತೀರ ಸಪೂರವಾದರೆ ಹರಿಯುತ್ತದೆ, ಇಲ್ಲವೇ ಮೇಲೇಳುತ್ತದೆ. ಆದ್ದರಿಂದ ಒತ್ತನ್ನು ಸ್ವಲ್ಪ ಕೆಳಗೆ ಸರಿಸಿ ಮೂರು-ನಾಲ್ಕು ಮಿಲಿಮೀಟರ್ ಅಂತರ ಕೊಡಿ. ತೆಳು-ದಪ್ಪ ಗೆರೆಗಳು ಬೆರೆತ ಅಕ್ಷರ ವಿನ್ಯಾಸಕ್ಕಿಂತ ಒಂದೇ ಸಮನಾಗಿ ದಪ್ಪಗಿರುವ ವಿನ್ಯಾಸ ಈ ಕೆಲಸಕ್ಕೆ ಹೆಚ್ಚು ಒಗ್ಗುತ್ತದೆ. ಉಚಿತವಾಗಿ ಸಿಗುವ ‘ಬಾಲೂ ತಮ್ಮ’ ಫಾಂಟ್ ನನಗೆ ಮೆಚ್ಚುಗೆ. ಅಕ್ಷರದ ಎತ್ತರ ಐದು ಸೆಂಟಿಮೀಟರ್‌ಗಿಂತ ಕಡಿಮೆಯಾದರೆ ಕೈಯಿಂದ ಕತ್ತರಿಸುವುದು ಕಷ್ಟ.

ಹಾಳೆ ಯಾವುದಿರಬೇಕೆಂಬುದು ಅಂಗಿಗಳ ಸಂಖ್ಯೆಯನ್ನು ಅವಲಂಬಿಸಿದೆ. ಒಂದೋ ಎರಡೋ ಅಂಗಿಯಾದರೆ ಹಿಂಬದಿ ಅಂಟಿರುವ ವಿನೈಲ್ ಸ್ಟಿಕರ್ ಹಾಳೆ ಒಳ್ಳೆಯದು. ಅದರಲ್ಲಿ ಕೊಂಡಿಗಳೇ ಬೇಕಿಲ್ಲ, ಉದುರಿದ ಬಿಲ್ಲೆಯನ್ನು ಅದರ ಜಾಗದಲ್ಲಿ ಅಂಟಿಸಿದರಾಯಿತು. ಆದರೆ ಒಮ್ಮೆ ಬಳಸಿದ ಮೇಲೆ ಅದು ಕಸದ ಬುಟ್ಟಿಗೆ. ಅಮೆರಿಕದಲ್ಲಿರುವ ನಮ್ಮವರು ಇದೇ ಕೆಲಸಕ್ಕೆ ಫ್ರೀಜರ್ ಪೇಪರ್, ಅಂದರೆ ಒಂದು ಬದಿಗೆ ಪ್ಲಾಸ್ಟಿಕ್ ಲೇಪವಿರುವ ಕಾಗದ, ಬಳಸುತ್ತಾರೆ. ಅದರ ಹೊಳೆಯುವ ಬದಿಯನ್ನು ಬಟ್ಟೆಗೆ ತಾಗಿಸಿ ಇಸ್ತ್ರಿ ಮಾಡಿದರೆ ಹಗುರವಾಗಿ ಅಂಟಿಕೊಳ್ಳುತ್ತದೆ. ನಿಮ್ಮಂತೆ ಹತ್ತಾರು ಅಂಗಿ ಮಾಡುವವರಿಗೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಸರಿಯಾದುದು. ಮುದ್ರಿಸಿದ ಕಾಗದದ ಮೇಲೆ ಅದನ್ನು ಟೇಪಿನಿಂದ ಬಿಗಿದು, ಹೊಸ ಬ್ಲೇಡ್ ಹಾಕಿದ ಪೇಪರ್ ಕಟರ್‌ನಿಂದ ಮೊದಲು ಸಣ್ಣ ಒಳಭಾಗಗಳನ್ನು, ಆಮೇಲೆ ಹೊರಗೆರೆಯನ್ನು ಕತ್ತರಿಸಿ. ತಿರುವು ಬಂದಲ್ಲಿ ಕಟರನ್ನು ತಿರುಗಿಸದೆ ಹಾಳೆಯನ್ನು ತಿರುಗಿಸಿದರೆ ದುಂಡು ಕೆಡುವುದಿಲ್ಲ. ಕೊಂಡಿ ಅಕಸ್ಮಾತ್ ತುಂಡಾದರೆ ಎರಡೂ ಬದಿ ಸೆಲ್ಲೋ ಟೇಪ್ ಹಚ್ಚಿ ಮುಂದುವರಿಯಬಹುದು.

ಅಂಗಿ ಹತ್ತಿಯದ್ದಿರಲಿ. ಆಟದ ಪಾಲಿಯೆಸ್ಟರ್ ಅಂಗಿಗಳಲ್ಲಿ ಬಣ್ಣ ಎಳೆಯೊಳಗೆ ಇಳಿಯದೆ ಮೇಲೇ ಕೂತು, ಬಟ್ಟೆ ಹಿಗ್ಗಿದಾಗ ಬಿರಿಯುತ್ತದೆ. ಹೊಸ ಅಂಗಿಯನ್ನು ಒಮ್ಮೆ ಒಗೆದು, ಮೃದುಗೊಳಿಸುವ ದ್ರವ ಹಾಕದೆ ಒಣಗಿಸಿ, ಇಸ್ತ್ರಿ ಮಾಡಿ, ಬಣ್ಣ ಬೆನ್ನಿನ ಭಾಗಕ್ಕೆ ಸೋರದಂತೆ ಒಳಗೆ ರಟ್ಟು ಇಡಿ.

ಇನ್ನು ಬಣ್ಣ ಹರಡುವ ವಿಚಾರ. ನೀವು ಬಣ್ಣಕ್ಕೆ ನೀರು ಬೆರೆಸುತ್ತಿರಬಹುದು, ಅಥವಾ ಸ್ಪಂಜನ್ನು ಬಣ್ಣದಲ್ಲಿ ತೋಯಿಸಿ ನೇರವಾಗಿ ಅಂಗಿಗೆ ಒತ್ತುತ್ತಿರಬಹುದು. ಎರಡರಲ್ಲೂ ಹೆಚ್ಚಾದ ದ್ರವವನ್ನು ಹತ್ತಿಯ ಎಳೆಗಳು ಸ್ಟೆನ್ಸಿಲ್‌ನ ಅಡಿಗೆ ಹೀರಿಕೊಂಡು ಒಯ್ಯುತ್ತವೆ. ನೀರು ಸೇರಿಸಬೇಡಿ. ಸ್ಪಂಜಿನ ತುಂಡಿಗೆ ತುಸುವೇ ಬಣ್ಣ ತಾಗಿಸಿ, ಹಳೆಯ ಪತ್ರಿಕೆಯ ಮೇಲೆ ಕೆಲವು ಸಲ ತಟ್ಟಿ, ತಟ್ಟಿದ ಗುರುತು ಮಸುಕಾಗತೊಡಗಿದ ಮೇಲೆ ಅಂಗಿಗೆ ಬನ್ನಿ. ಉಜ್ಜದೆ ನೇರವಾಗಿ ಮೇಲಿನಿಂದ ಕೆಳಕ್ಕೆ ತಟ್ಟುತ್ತ ಅಂಚಿನಿಂದ ನಡುವಿಗೆ ಸಾಗಬೇಕು. ಓಎಚ್‌ಪಿ ಶೀಟಿನ ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ, ಕೊಂಡಿಗಳಿರುವಲ್ಲಿ ಇನ್ನೊಂದು ಕೈಯ ಬೆರಳಿನಿಂದ ಒತ್ತಿ ಹಿಡಿದಿರಿ.

ಕಪ್ಪು ಬಟ್ಟೆಯ ಮೇಲೆ ಹಳದಿ ನೇರವಾಗಿ ಹಾಕಿದರೆ ಮಂಕು ಪಾಚಿಯ ಬಣ್ಣವಾಗಿ ಕಾಣುತ್ತದೆ, ಏಕೆಂದರೆ ಸಾಮಾನ್ಯ ಫ್ಯಾಬ್ರಿಕ್ ಹಳದಿ ಅಡಿಯ ಬಣ್ಣವನ್ನು ಪೂರ್ತಿ ಮುಚ್ಚುವುದಿಲ್ಲ. ಮೊದಲು ಬಿಳಿಯ ತೆಳುಪದರಗಳನ್ನು ಹಾಕಿ, ಸ್ಟೆನ್ಸಿಲ್ ಅಲುಗಿಸದೆ ಹೇರ್ ಡ್ರೈಯರ್‌ನಿಂದ ಒಣಗಿಸಿ, ಆಮೇಲೆ ಹಳದಿ ಹಾಕಬೇಕು. ಹನ್ನೆರಡು ಅಂಗಿಗಳಿಗೆ ಇದು ದೊಡ್ಡ ಶ್ರಮ. ಅಂಗಿಗಳನ್ನು ಇನ್ನೂ ಕೊಂಡಿಲ್ಲವಾದರೆ ಹಳದಿ ಅಂಗಿ ತಂದು ಕೆಂಪು ಅಕ್ಷರ ಬರೆಯಿರಿ ಎಂಬುದು ನನ್ನ ಸಲಹೆ. ನಾಡ ಬಾವುಟದ ಬಣ್ಣಗಳೂ ಅವೇ, ತಿಳಿ ಬಟ್ಟೆಯ ಮೇಲೆ ಕೆಂಪು ಬಣ್ಣಕ್ಕೆ ಬಿಳಿಯ ತಳಪದರವೂ ಬೇಕಾಗುವುದಿಲ್ಲ.

ಪ್ರತಿ ಅಂಗಿಯ ನಂತರ ಸ್ಟೆನ್ಸಿಲ್‌ನ ಹಿಂಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿಕೊಳ್ಳಿ. ಅಲ್ಲಿ ಉಳಿದ ಬಣ್ಣದ ತೇವವೇ ಮುಂದಿನ ಅಂಗಿಯ ಮೇಲೆ ಕಲೆ ಮಾಡುತ್ತದೆ.

ಬಣ್ಣ ನಿಲ್ಲುವುದು ಶಾಖದಿಂದ. ಈ ಬಣ್ಣಗಳಲ್ಲಿರುವ ಅಕ್ರಿಲಿಕ್ ಅಂಟು ಬಿಸಿಗೆ ಒಂದಾಗಿ ಎಳೆಗಳ ಸುತ್ತ ಪದರವಾಗುತ್ತದೆ. ಒಂದು ದಿನ ನೆರಳಿನಲ್ಲಿ ಒಣಗಿಸಿ, ಅಂಗಿಯನ್ನು ಒಳಮಗ್ಗುಲಿಗೆ ತಿರುವಿ, ಹಬೆಯಿಲ್ಲದೆ ಹತ್ತಿಗೆ ತಕ್ಕ ಬಿಸಿಯಲ್ಲಿ ಮೂರರಿಂದ ಐದು ನಿಮಿಷ ಇಸ್ತ್ರಿ ಪೆಟ್ಟಿಗೆಯನ್ನು ಆಡಿಸುತ್ತಿರಿ. ಬಾಟಲಿಯ ಮೇಲೆ ಬೇರೆ ಸೂಚನೆಯಿದ್ದರೆ ಅದನ್ನೇ ಪಾಲಿಸಿ. ಮೊದಲ ಒಗೆತಕ್ಕೆ ಇನ್ನೂ ಎರಡು-ಮೂರು ದಿನ ಕಾಯುವುದು ಕ್ಷೇಮ, ಅಂದರೆ ಅಕ್ಟೋಬರ್ ಕೊನೆಯ ವಾರದ ಮೊದಲೇ ಕೆಲಸ ಮುಗಿಸಿಕೊಳ್ಳಿ. ಆಮೇಲೂ ಅಂಗಿಯನ್ನು ಒಳಮಗ್ಗುಲಾಗಿಸಿ ತಣ್ಣೀರಿನಲ್ಲಿ ಒಗೆಯಬೇಕು. ಮಷಿನ್ ಆಗಬಹುದು, ಆದರೆ ಒಗೆಯುವ ಕಲ್ಲಿನ ಮೇಲೆ ಹರಡಿ ಬ್ರಷ್‌ನಿಂದ ತಿಕ್ಕಿದರೆ ಯಾವ ಬಣ್ಣವೂ ಹೆಚ್ಚು ಕಾಲ ಉಳಿಯುವುದಿಲ್ಲ.