ತಟ್ಟೆ ಹತ್ತಿರ ಹೋದರೆ ಗುರ್ ಅನ್ನೋ ನಾಯಿಗೆ ‘ಬಾಸ್’ ಪಾಠ ಬೇಡ

ಗೌಡ್ರೇ, ಪಾಂಡವಪುರದ ತೋಟದ ಮನೆಯಲ್ಲಿರುವ ನಿಮ್ಮ ಮುಧೋಳ ನಾಯಿ, ಊಟ ಮಾಡುವಾಗ ಹತ್ತಿರ ಹೋದರೆ ಗುರ್ ಅನ್ನುತ್ತದೆ ಎಂದು ಕೇಳಿದ್ದೀರಿ. ‘ನೆಲಕ್ಕೆ ಕೆಡವಿ ಕತ್ತು ಒತ್ತಿ ಹಿಡಿಯಿರಿ, ಬಾಸ್ ಯಾರು ಅಂತ ಗೊತ್ತಾಗಲಿ’ ಎಂದು ಇಲ್ಲಿ ಇಬ್ಬರು ಹೇಳಿದ್ದಾರೆ. ದಯವಿಟ್ಟು ಅದೊಂದು ಮಾಡಬೇಡಿ.

ಈ ಬಾಸ್ ಕಥೆ ಶುರುವಾಗಿದ್ದು ತೋಳಗಳಿಂದ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬುವರು ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ, ಗುಂಪಿನಲ್ಲಿ ಮೇಲಿನ ಸ್ಥಾನಕ್ಕೆ ಅವು ಕಚ್ಚಾಡುತ್ತವೆ ಎಂದು ಬರೆದರು. ಓಡಿಹೋಗಲು ಜಾಗವಿಲ್ಲದ ಕಡೆ ಕಚ್ಚಾಟ ಜಾಸ್ತಿ ಇರುತ್ತದೆ, ಅಲ್ವಾ? ‘ಆಲ್ಫಾ’, ಅಂದರೆ ಗುಂಪಿನ ಬಾಸ್, ಎಂಬ ಮಾತನ್ನು 1970ರ ಪುಸ್ತಕದಿಂದ ಎಲ್ಲೆಡೆ ಹಬ್ಬಿಸಿದ ತೋಳ ತಜ್ಞ ಡೇವಿಡ್ ಮೀಚ್, ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿ 1999ರಲ್ಲಿ ತಾವೇ ಅದನ್ನು ತಿದ್ದಿದರು. ಅಲ್ಲಿ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳು, ಅಷ್ಟೇ. ಟಿವಿ ನೋಡಿ ನಾಯಿ ಪಳಗಿಸುವವರಿಗೆ ಈ ಸುದ್ದಿ ಇನ್ನೂ ತಲುಪಿಲ್ಲ!

2009ರಲ್ಲಿ ಅಮೆರಿಕದ ಪಶುವೈದ್ಯರು ಒಂದು ಸಮೀಕ್ಷೆ ಪ್ರಕಟಿಸಿದರು. ಸ್ವಭಾವದ ತೊಂದರೆಗೆಂದು ನಾಯಿ ಕರೆತಂದವರನ್ನು ಕೇಳಿದ್ದು. ಹೀಗೆ ಕೆಡವಿ ಒತ್ತಿದವರಲ್ಲಿ ಶೇ. 31, ಹೊಡೆದವರಲ್ಲಿ ಶೇ. 43 ಮಂದಿ ನಾಯಿ ತಿರುಗಿಬಿತ್ತು ಎಂದರು.

ನಿಮ್ಮ ನಾಯಿಗೆ ಯಜಮಾನಿಕೆ ಬೇಕಿಲ್ಲ. ‘ತಟ್ಟೆ ಕಿತ್ಕೊಂಡುಬಿಡ್ತಾರೆ’ ಅನ್ನೋ ಭಯ ಅದಕ್ಕೆ. ಗುರ್ ಅನ್ನೋದು ‘ದೂರ ಇರಿ’ ಎಂಬ ಎಚ್ಚರಿಕೆ. ಹೊಡೆದು ಅದನ್ನು ನಿಲ್ಲಿಸಿದರೆ ಭಯ ಹೋಗಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಆಮೇಲೆ ಸದ್ದಿಲ್ಲದೆ ಕಚ್ಚುತ್ತದೆ.

ಮಾಡಬೇಕಾದ್ದು ಇದು. ಮುದ್ದೆಯೋ ಅನ್ನವೋ ಹಾಕಿ, ಅದು ಗುರ್ ಅನ್ನದಷ್ಟು ದೂರದಲ್ಲಿ ನಿಂತುಕೊಳ್ಳಿ. ಬೇಯಿಸಿದ ಮೊಟ್ಟೆಯ ಚೂರೋ ಕೋಳಿ ಈಲಿಯೋ ತಟ್ಟೆ ಕಡೆ ಎಸೆದು ಸುಮ್ನೆ ಹೊರಟುಹೋಗಿ. ದಿಟ್ಟಿಸಿ ನೋಡಬೇಡಿ. ದಿನವೂ ಹೀಗೆ ಮಾಡಿದರೆ ನೀವು ಬಂದಾಗ ಬಾಲ ಆಡಿಸಿ ತಲೆ ಎತ್ತುತ್ತದೆ. ಆಗ ಒಂದು ಹೆಜ್ಜೆ ಹತ್ತಿರ ಬನ್ನಿ. ಮೈ ಬಿಗಿಯಾಯಿತೋ, ಗಬಗಬ ತಿನ್ನತೊಡಗಿತೋ, ಅವಸರ ಆಯಿತು ಎಂದು ಹಿಂದೆ ಸರಿಯಿರಿ. ತಟ್ಟೆ ಎತ್ತಲೇಬೇಕಾದರೆ ಅದಕ್ಕಿಂತ ರುಚಿಯಾದದ್ದನ್ನು ಆಚೆ ಹಾಕಿ, ಅದು ಅತ್ತ ಹೋದಾಗ ಎತ್ತಿ. ‘ಅಭ್ಯಾಸ ಆಗಲಿ’ ಎಂದು ಊಟದ ಮಧ್ಯೆ ಕೈ ಹಾಕೋರಿದ್ದಾರೆ, ಅದು ಬೇಡವೇ ಬೇಡ. ಸಾರಿನಲ್ಲಿ ಬೆಂದ ಮೂಳೆಯೂ ಬೇಡ. ಬೆಂದ ಮೂಳೆ ಚೂಪಾಗಿ ಒಡೆಯುತ್ತದೆ, ಸಾರಿಗೆ ಹಾಕಿದ ಈರುಳ್ಳಿಯೂ ನಾಯಿಗೆ ಆಗಲ್ಲ.

ಮೊದಲು ಇರಲಿಲ್ಲ, ಈಗ ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಹಲ್ಲು, ಕಿವಿ ನೋವಿರಬಹುದು. ಪಶು ಆಸ್ಪತ್ರೆಯಲ್ಲಿ ತೋರಿಸಿ. ಈಗಾಗಲೇ ಯಾರಿಗಾದರೂ ಕಚ್ಚಿದ್ದರೆ ನೀವೊಬ್ಬರೇ ಪ್ರಯತ್ನ ಮಾಡಬೇಡಿ, ಡಾಕ್ಟರನ್ನು ಕೇಳಿ.

ಮನೆಯಲ್ಲಿ ಚಿಕ್ಕ ಮೊಮ್ಮಗ ಇದ್ದಾನೆ ಎಂದಿರಿ. ನಾಯಿ ಊಟ ಮಾಡುವಾಗ ಕೊಟ್ಟಿಗೆ ಬಾಗಿಲು ಹಾಕಿಬಿಡಿ, ಮಗು ಆ ಕಡೆ ಸುಳಿಯದಿರಲಿ. ಅಪ್ಪಿತಪ್ಪಿ ಹಲ್ಲು ತಾಗಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ರೇಬೀಸ್ ಇಂಜೆಕ್ಷನ್‌ಗೆ ಕರೆದುಕೊಂಡು ಹೋಗಿ.